ಎರಡು ಗೆರೆಯ ಚುಕ್ಕಿ

ಗೆಳೆಯನೊಬ್ಬ ನನ್ನ ಸಹಲೇಖಕರ ನಕ್ಷೆ ತೆಗೆದು ತೋರಿಸಿದ. ಒಬ್ಬೊಬ್ಬ ಸಂಶೋಧಕ ಒಂದೊಂದು ಚುಕ್ಕಿ, ಜೊತೆಗೂಡಿ ಬರೆದರೆ ನಡುವೆ ಗೆರೆ. ನಾನು ಮೂಲೆಯಲ್ಲಿದ್ದೆ, ಎರಡೇ ಗೆರೆ.

‘ಮುಂದಿನ ಪೇಪರಿನಾಗ ಯಾರರ ದೊಡ್ಡವ್ರ ಹೆಸರು ಹಾಕಿಬಿಡಲೇ’ ಅಂದ.

ಅವನ ಲೆಕ್ಕ ಪೂರಾ ಸುಳ್ಳಲ್ಲ. ಆರಂಭದಲ್ಲೇ ಹೆಸರಾಂತ ವಿಜ್ಞಾನಿಯ ಜೊತೆ ಬರೆದವರು ಮುಂದೆಯೂ ಮುಂದಿರುತ್ತಾರೆಂದು 2019ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ನಲ್ಲಿ ಬಂದ ಅಧ್ಯಯನ ಹೇಳುತ್ತದೆ.

ರಾತ್ರಿ ನಮ್ಮ ಇಂಡಿ ಕಡೆಯ ಹಲಸಂಗಿ ನೆನಪಾಯ್ತು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಹಳ್ಳಿಯಲ್ಲೇ ಕೂತು, ಹೆಣ್ಮಕ್ಕಳು ಬೀಸುವಾಗ ಹಾಡಿದ್ದನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂತು. ಕನ್ನಡ ಜಾನಪದ ಓದುವವರು ಇವತ್ತಿಗೂ ಅದನ್ನು ಬಿಟ್ಟು ಮುಂದೆ ಹೋಗಲಾರರು. ಅವರಿಗೂ ಬೇಂದ್ರೆಯವರತ್ತ ಒಂದು ಗೆರೆಯಿತ್ತು, ಖರೆ. ಆದರೆ ಹಾಡಿದ ಅವ್ವಂದಿರು ಯಾವ ನಕ್ಷೆಯಲ್ಲೂ ಚುಕ್ಕಿಯಾಗಲಿಲ್ಲ.

ನನ್ನ ಲಿಂಬೆ ರೋಗದ ಪ್ರಬಂಧಕ್ಕೆ ಎರಡು ವರ್ಷ ಗಿಡಗಿಡದ ಲೆಕ್ಕ ಇಟ್ಟವನು ನನ್ನ ಕಾಕಾ. ಅವನ ಹೆಸರು ನಾನೆಲ್ಲಿ ಬರೆದಿದ್ದೆ?

ಮುಂಜಾನೆ ಗೈಡ್ ಹತ್ತಿರ ಹೋಗಿ ಲೇಖಕರ ಸಾಲಿಗೆ ಕಾಕಾನನ್ನು ಸೇರಿಸಬೇಕೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಆಗಲಿ’ ಎಂದರು.

ಫೋನ್ ಮಾಡಿದರೆ ಕಾಕಾ, ‘ಹೆಸರು ತಗೊಂಡು ಏನ್ ಮಾಡ್ಲೋ ತಮ್ಮಾ? ಲೆಕ್ಕ ಸರಿ ಐತಿಲ್ಲ, ಅದನ್ನ ನೋಡು’ ಅಂದ.