ಅಂಗಳದ ಹತ್ತು ಸುತ್ತು



ಮದುವೆ ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯನ್ನು ಕಂಡು ನಿಮಗೆ ಎಂದಾದರೂ ಭಯವಾಗಿದೆಯೇ? ನನಗೆ ಆಗುತ್ತಿತ್ತು. ಕುಳಿತರೆ ಎಲ್ಲಿ ಕಾಲು ಮುರಿದುಬಿಡುತ್ತದೋ ಎಂದು, ಯಾರಾದರೂ ಕರೆದರೂ "ಇರಲಿ, ನಿಂತೇ ಇರುತ್ತೇನೆ" ಎನ್ನುತ್ತಿದ್ದೆ. ಆಗ ನನ್ನ ವಯಸ್ಸು 41, ತೂಕ 112 ಕಿಲೋ, ಎತ್ತರ ಐದು ಅಡಿ ಎರಡು ಇಂಚು. ಜೊತೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು. ಆರು ವರ್ಷಗಳಿಂದ ನಮಾಝನ್ನೂ ಕುರ್ಚಿಯಲ್ಲಿ ಕುಳಿತೇ ನಿರ್ವಹಿಸುತ್ತಿದ್ದೆ. ಪಕ್ಕದಲ್ಲಿ ನನ್ನ ಮಗಳು ಸುಲಭವಾಗಿ ಬಾಗಿ ನೆಲಕ್ಕೆ ಹಣೆಯಿಡುವಾಗ ನನ್ನ ಕಣ್ಣು ತುಂಬುತ್ತಿತ್ತು.

ಅನ್ನ ಬಿಟ್ಟು ನೋಡಿದೆ, ರಾತ್ರಿಯೂಟ ಬಿಟ್ಟು ನೋಡಿದೆ, ಕಷಾಯ ಕುಡಿದು ನೋಡಿದೆ. ಹತ್ತು ಕಿಲೋ ಇಳಿದರೆ ಹನ್ನೆರಡು ಕಿಲೋ ಮರಳಿ ಬರುತ್ತಿತ್ತು. ಕೊನೆಗೆ ವೈದ್ಯರೊಂದಿಗೆ ಹಲವು ಬಾರಿ ಮಾತನಾಡಿ, ಮನೆಯವರೊಂದಿಗೆ ಸಮಾಲೋಚಿಸಿ, ಕಳೆದ ವರ್ಷ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಒಪ್ಪಿದೆ. ಹೊಟ್ಟೆಯ ಮೇಲೆ ಸಣ್ಣ ರಂಧ್ರಗಳನ್ನು ಮಾಡಿ, ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಉಳಿದುದನ್ನು ಬಾಳೆಕಾಯಿಯಂತಹ ಸಪೂರ ಕೊಳವೆಯಾಗಿ ಮಾಡುತ್ತಾರೆ. ಇದಕ್ಕೆ ಸ್ಲೀವ್ ಶಸ್ತ್ರಚಿಕಿತ್ಸೆ ಎಂದು ಹೆಸರು. ಆಮೇಲೆ ಸ್ವಲ್ಪ ತಿಂದರೂ ಹೊಟ್ಟೆ ತುಂಬುತ್ತದೆ, ಹಸಿವೂ ಕಡಿಮೆಯಾಗುತ್ತದೆ.

ಇನ್ನು ನನ್ನ ಕೆಲಸ ಮುಗಿಯಿತು, ಉಳಿದುದನ್ನು ಆ ಕೊಳವೆಯೇ ನೋಡಿಕೊಳ್ಳುತ್ತದೆ ಎಂದು ನಾನು ಭಾವಿಸಿದ್ದೆ. ಆದರೆ ಆಪರೇಷನ್ ಆದ ಸಂಜೆಯೇ ನರ್ಸ್ ಬಂದು, "ಏಳಿ ಅಕ್ಕಾ, ನಡೆಯೋಣ" ಎಂದರು. ನೋವಿನಿಂದ ಮುಲುಗುತ್ತಿದ್ದ ನನಗೆ ಸಿಟ್ಟೇ ಬಂತು. ಮಲಗಿಯೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ ಎಂದು ಅವರು ವಿವರಿಸಿದ ಮೇಲೆ ಮೆಲ್ಲನೆ ಎದ್ದೆ. ಮಗ್ಗುಲಿಗೆ ಹೊರಳಿ, ಕೈಯೂರಿ ಏಳುವುದನ್ನು, ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯುವುದನ್ನು ಕಲಿಸಿಕೊಟ್ಟರು. ಅಂದು ನಾನು ನಡೆದದ್ದು ಹಾಸಿಗೆಯಿಂದ ಬಾಗಿಲಿನವರೆಗೆ ಮಾತ್ರ. ನನ್ನ ವ್ಯಾಯಾಮದ ಮೊದಲ ದಿನ ಅದು.

ಮನೆಗೆ ಬರುವಾಗ ವೈದ್ಯರು ಒಂದು ಮಾತು ಹೇಳಿದರು: "ತೂಕ ಇಳಿಯುವಾಗ ಕೊಬ್ಬು ಮಾತ್ರ ಕರಗುವುದಿಲ್ಲ, ಸ್ನಾಯುವೂ ಕರಗುತ್ತದೆ. ಅದನ್ನು ಉಳಿಸಿಕೊಳ್ಳಲು ದೇಹಕ್ಕೆ ಪ್ರೊಟೀನ್ ಬೇಕು, ದುಡಿಮೆಯೂ ಬೇಕು." ಮೊದಲ ಎರಡು ವಾರ ದ್ರವಾಹಾರ ಮಾತ್ರ. ಆರು ವಾರ ಐದು ಕಿಲೋಗಿಂತ ಹೆಚ್ಚಿನ ಭಾರ ಎತ್ತಬಾರದು, ಹೊಟ್ಟೆಗೆ ಬಿಗಿತ ಬರುವ ಯಾವ ವ್ಯಾಯಾಮವನ್ನೂ ಮಾಡಬಾರದು. ಒಳಗಿನ ಹೊಲಿಗೆ ಗಟ್ಟಿಯಾಗುವ ಮೊದಲೇ ಭಾರ ಎತ್ತಿದರೆ ಹರ್ನಿಯಾ ಆಗಬಹುದಂತೆ. ಬಾವಿಯಿಂದ ನೀರು ಸೇದುವುದು, ತಂಗಿಯ ಮಗುವನ್ನು ಎತ್ತಿಕೊಳ್ಳುವುದು ಎರಡೂ ನಿಂತುಹೋಯಿತು.

ನಮ್ಮ ಮನೆಗೆ ಒಂದು ಪುಟ್ಟ ಅಂಗಳವಿದೆ. ಬಾವಿಕಟ್ಟೆಯಿಂದ ಗೇಟಿನವರೆಗೆ ಹೋಗಿ ಬಂದರೆ ಒಂದು ಸುತ್ತು. ಐದು ನಿಮಿಷಕ್ಕೆ ಹತ್ತು ಸುತ್ತು ಆಗುತ್ತಿತ್ತು. ಒಮ್ಮೆಲೇ ಅರ್ಧ ಗಂಟೆ ನಡೆಯುವ ಬದಲು, ದಿನಕ್ಕೆ ಆರು ಸಲ ಐದೈದು ನಿಮಿಷ ನಡೆದೆ. ಹದಿನಾಲ್ಕು ವರ್ಷದ ಮಗಳು ತನ್ನ ಹಳೆಯ ನೋಟ್ ಪುಸ್ತಕದಲ್ಲಿ ಪ್ರತಿ ಸಲಕ್ಕೂ ಒಂದು ಗೀಟು ಎಳೆಯುತ್ತಿದ್ದಳು. ಸಂಜೆ ಆರು ಗೀಟು ಕಂಡರೆ ಅವಳಿಗೆ ನನಗಿಂತಲೂ ಹೆಚ್ಚು ಸಂತೋಷ.

ನಾಲ್ಕನೆಯ ವಾರ ಒಂದು ಪ್ರಸಂಗ ನಡೆಯಿತು. ನೋಡಲು ಬಂದ ಸಂಬಂಧಿಕರೊಬ್ಬರು ಅಡುಗೆಮನೆಯಲ್ಲಿ ಅತ್ತೆಯೊಂದಿಗೆ, "ಬಾಯಿ ಕಟ್ಟಲು ಆಗದವಳು ಹೊಟ್ಟೆ ಕೊಯ್ಯಿಸಿಕೊಂಡಳು" ಎಂದದ್ದು ನನ್ನ ಕಿವಿಗೆ ಬಿತ್ತು. ಅತ್ತೆ ಏನು ಉತ್ತರಿಸಿದರೆಂದು ಕೇಳುವ ಸಹನೆಯೂ ನನಗಿರಲಿಲ್ಲ. ರಾತ್ರಿಯಿಡೀ ನಿದ್ದೆ ಬರಲಿಲ್ಲ. ನಾನು ಸೋಮಾರಿಯಲ್ಲ ಎಂದು ತೋರಿಸಿಯೇ ತೀರಬೇಕೆಂದು ಮರುದಿನ ಬೆಳಿಗ್ಗೆ ಬುರ್ಖಾ ಧರಿಸಿ, ಬಿಸಿಲೇರಿದ ಹೊತ್ತಿನಲ್ಲಿ ರಸ್ತೆಗಿಳಿದೆ. ನಲವತ್ತು ನಿಮಿಷ ಬಿರಬಿರನೆ ನಡೆದೆ. ಬೆಳಗಿನಿಂದ ಕುಡಿದದ್ದು ಅರ್ಧ ಲೋಟ ನೀರು. ಮರಳಿ ಗೇಟು ತೆರೆಯುವಷ್ಟರಲ್ಲಿ ಕಣ್ಣು ಕತ್ತಲೆಗಟ್ಟಿತು. ಎಚ್ಚರವಾದಾಗ ನನ್ನ ತಲೆ ಮಗಳ ಮಡಿಲಲ್ಲಿತ್ತು. "ಉಮ್ಮಾ, ಯಾರಿಗೆ ತೋರಿಸಲಿಕ್ಕೆ ಇಷ್ಟು ನಡೆದದ್ದು?" ಎಂದು ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನನ್ನಲ್ಲಿ ಉತ್ತರವಿರಲಿಲ್ಲ.

ವೈದ್ಯರು ಪರೀಕ್ಷಿಸಿದಾಗ ಕಾರಣ ತಿಳಿಯಿತು. ದೇಹದಲ್ಲಿ ನೀರು ಕಡಿಮೆಯಾಗಿತ್ತು. ತೂಕ ಇಳಿಯುತ್ತಾ ಬಂದಂತೆ ರಕ್ತದೊತ್ತಡವೂ ಇಳಿದಿತ್ತು, ಆದರೆ ನಾನು ಹಳೆಯ ಪ್ರಮಾಣದ ಮಾತ್ರೆಯನ್ನೇ ನುಂಗುತ್ತಿದ್ದೆ. ಪರೀಕ್ಷೆಗೆ ಹೋಗಬೇಕಿದ್ದ ದಿನವನ್ನು ಮುಂದೂಡಿದ ತಪ್ಪು ನನ್ನದೇ. ಅವರು ಮಾತ್ರೆಯ ಪ್ರಮಾಣವನ್ನು ಇಳಿಸಿದರು. ಸಕ್ಕರೆ ಕಾಯಿಲೆಯ ಔಷಧಿಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಇಂತಹ ಶಸ್ತ್ರಚಿಕಿತ್ಸೆಯಾದವರು ಔಷಧಿಯನ್ನು ತಾವಾಗಿಯೇ ನಿಲ್ಲಿಸಲೂಬಾರದು, ಪರೀಕ್ಷಿಸಿಕೊಳ್ಳದೆ ಮುಂದುವರಿಸಲೂಬಾರದು.

ಅಂದಿನಿಂದ ಬೇರೆಯವರ ಬಾಯಿಗೆ ಉತ್ತರ ಕೊಡಲೆಂದು ನಡೆಯುವುದನ್ನು ಬಿಟ್ಟೆ. ಪುನಃ ಅಂಗಳಕ್ಕೇ ಮರಳಿದೆ. ಸುಬಹ್ ನಮಾಝಿನ ನಂತರದ ತಂಪು ಹೊತ್ತು ನನ್ನದಾಯಿತು. ನೀರಿನ ಬಾಟಲಿ ಯಾವಾಗಲೂ ಬಾವಿಕಟ್ಟೆಯ ಮೇಲೆ. ಈಗ ಗಟಗಟನೆ ಕುಡಿಯಲು ಆಗುವುದಿಲ್ಲ, ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರ್ ಮುಗಿಸಬೇಕು. ಊಟದ ಜೊತೆ ನೀರಿಲ್ಲ, ಊಟವಾಗಿ ಅರ್ಧ ಗಂಟೆ ಕಳೆದ ಮೇಲೆಯೇ. ನಡೆಯುವಾಗ ಮಾತನಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ, ಮಾತು ತುಂಡಾಗುತ್ತಿದ್ದರೆ ಹೆಚ್ಚಾಯಿತು ಎಂಬ ಸರಳ ಅಳತೆಗೋಲನ್ನು ವೈದ್ಯರು ಹೇಳಿಕೊಟ್ಟರು. ವಾರಕ್ಕೆ ಎರಡು ಮೂರು ನಿಮಿಷದಂತೆ ಹೆಚ್ಚಿಸುತ್ತಾ ಹೋದೆ.

ಎಂಟನೆಯ ವಾರ, ಅವರ ಒಪ್ಪಿಗೆ ಪಡೆದು, ಕುರ್ಚಿಯ ವ್ಯಾಯಾಮ ಆರಂಭಿಸಿದೆ. ಗೋಡೆಗೆ ಒರಗಿಸಿಟ್ಟ ಗಟ್ಟಿಯಾದ ಮರದ ಕುರ್ಚಿಯಿಂದ ಎದ್ದು ನಿಂತು ಪುನಃ ಕುಳಿತುಕೊಳ್ಳುವುದು ಎಂಟು ಸಲ. ಗೋಡೆಗೆ ಎರಡೂ ಕೈಯಿಟ್ಟು ಮೆಲ್ಲನೆ ಮುಂದಕ್ಕೆ ಬಾಗಿ ಹಿಂದಕ್ಕೆ ಸರಿಯುವುದು ಎಂಟು ಸಲ. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಸಲ. ಅರ್ಧ ಲೀಟರಿನ ಎರಡು ನೀರಿನ ಬಾಟಲಿಗಳೇ ನನ್ನ ಡಂಬೆಲ್. ವಾರದಲ್ಲಿ ಎರಡು ದಿನ ಹೀಗೆ ಮಾಡಿದರೆ ಸಾಕಿತ್ತು. ಇದಕ್ಕೆ ಜಿಮ್ ಬೇಡ, ಹಣ ಬೇಡ, ಮನೆಯ ಹೊಸ್ತಿಲು ದಾಟುವ ಅಗತ್ಯವೂ ಇಲ್ಲ.

ವ್ಯಾಯಾಮದಷ್ಟೇ ಮುಖ್ಯವಾದುದು ಊಟ. ಆ ಪುಟ್ಟ ಹೊಟ್ಟೆಗೆ ಮೊದಲು ಹೋಗಬೇಕಾದದ್ದು ಪ್ರೊಟೀನ್. ಮೊಟ್ಟೆ, ಮೀನು, ಮೊಸರು, ಹೆಸರುಬೇಳೆ ಮೊದಲು, ಅನ್ನ ಕೊನೆಗೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಬೇಕೆಂದು ನನಗೆ ಹೇಳಿದ್ದರು. ಬಿ12, ಕಬ್ಬಿಣಾಂಶ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ಜೀವನಪರ್ಯಂತ ಬೇಕು. ನಾಲ್ಕನೆಯ ತಿಂಗಳು ಬಾಚಣಿಗೆಯ ತುಂಬ ಕೂದಲು ಬಂದಾಗ ಹೆದರಿ ಅತ್ತಿದ್ದೆ. ತೂಕ ಬೇಗನೆ ಇಳಿಯುವಾಗ ಹಾಗಾಗುತ್ತದೆ, ಮತ್ತೆ ಬೆಳೆಯುತ್ತದೆ ಎಂದರು. ಹಾಗೆಯೇ ಆಯಿತು. ಆ ವರ್ಷ ರಮಝಾನಿನ ಉಪವಾಸ ಬೇಡವೆಂದು ವೈದ್ಯರು ಹೇಳಿದಾಗ ಮನಸ್ಸಿಗೆ ನೋವಾಯಿತು. ಆದರೆ ರೋಗಿಗೆ ಅಲ್ಲಾಹನೇ ರಿಯಾಯಿತಿ ನೀಡಿರುವಾಗ ಹಟ ಮಾಡಲು ನಾನು ಯಾರು?

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಿತವಾದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಸಿಗೆಯಿಂದ ಬಾಗಿಲಿನವರೆಗೆ ನಡೆದವಳು ಅಲ್ಲಿಗೆ ತಲುಪಲು ನನಗೆ ಐದು ತಿಂಗಳು ಬೇಕಾಯಿತು. ದಾರಿಯಲ್ಲಿ ಮೂರು ವಾರ ತೂಕ ಒಂದು ಗ್ರಾಂ ಕೂಡ ಇಳಿಯದೆ ನಿಂತದ್ದೂ ಇದೆ. ಆ ದಿನಗಳಲ್ಲಿ ತಕ್ಕಡಿಯನ್ನು ಮಂಚದ ಅಡಿಗೆ ತಳ್ಳಿ, ಮಗಳ ಗೀಟುಗಳನ್ನು ಮಾತ್ರ ಎಣಿಸಿದೆ.

ಏಳನೆಯ ತಿಂಗಳಲ್ಲಿ ನನ್ನ ತೂಕ 82 ಕಿಲೋ. ದೇಹದ ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋದಷ್ಟು ಕಡಿಮೆಯಾಗುತ್ತದಂತೆ. ಅದರ ಅರ್ಥ ನನಗೆ ತಿಳಿದದ್ದು ಒಂದು ಮುಂಜಾನೆ. ಕುರ್ಚಿಯನ್ನು ಬದಿಗೆ ಸರಿಸಿ, ಮಗಳ ಪಕ್ಕದಲ್ಲಿ ಚಾಪೆ ಹಾಸಿದೆ. ಗೋಡೆಗೆ ಕೈಯಿಟ್ಟು ಮೆಲ್ಲನೆ ಮಂಡಿಯೂರಿದೆ. ಆರು ವರ್ಷಗಳ ನಂತರ ನನ್ನ ಹಣೆ ನೆಲಕ್ಕೆ ತಾಗಿತು. ಏಳಲು ಮನಸ್ಸೇ ಬರಲಿಲ್ಲ. ಅಲ್‌ಹಮ್ದುಲಿಲ್ಲಾಹ್.

ಸಹೋದರಿಯರೇ, ಈ ಶಸ್ತ್ರಚಿಕಿತ್ಸೆ ಎಲ್ಲರಿಗೂ ಬೇಕು ಎಂದು ನಾನು ಹೇಳುವುದಿಲ್ಲ. ಅದನ್ನು ನಿರ್ಧರಿಸಬೇಕಾದವರು ನೀವು ಮತ್ತು ನಿಮ್ಮ ವೈದ್ಯರು. ಮಾಡಿಸಿಕೊಂಡವರಿದ್ದರೆ, ನಡಿಗೆಯ ಪ್ರತಿ ಹಂತಕ್ಕೂ ಅವರ ಒಪ್ಪಿಗೆ ಪಡೆಯಿರಿ. ಎದೆನೋವು, ಉಸಿರುಕಟ್ಟು, ಮೀನಖಂಡದಲ್ಲಿ ಊತ, ತಲೆಸುತ್ತು ಕಾಣಿಸಿದರೆ ನಾಳೆಗೆಂದು ಕಾಯಬೇಡಿ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂತಹ ಒಬ್ಬಳಿದ್ದರೆ ಅವಳ ತಟ್ಟೆಯನ್ನು ನೋಡಿ ಮಾತನಾಡುವ ಬದಲು ಚಪ್ಪಲಿ ಮೆಟ್ಟಿ ಅವಳ ಜೊತೆ ಹತ್ತು ಸುತ್ತು ನಡೆಯಿರಿ.

ಈಗ ನಮ್ಮ ಅಂಗಳದಲ್ಲಿ ಸಂಜೆ ಮೂವರು ನಡೆಯುತ್ತೇವೆ. ನಾನು, ಮಗಳು ಮತ್ತು ಅತ್ತೆ. ಅಂದು ಅಡುಗೆಮನೆಯಲ್ಲಿ ಆ ಸಂಬಂಧಿಕರಿಗೆ ಅತ್ತೆ ಕೊಟ್ಟ ಉತ್ತರವನ್ನು ಮೊನ್ನೆಯಷ್ಟೇ ಕೇಳಿ ತಿಳಿದುಕೊಂಡೆ. "ನೋವು ತಿಂದವಳು ಅವಳು, ಮಾತು ನಿಮಗೇಕೆ?" ಎಂದಿದ್ದರಂತೆ. ಅಂದೇ ಒಂದು ನಿಮಿಷ ನಿಂತು ಅದನ್ನು ಕೇಳಿಸಿಕೊಂಡಿದ್ದರೆ ಗೇಟಿನ ಬಳಿ ಬೀಳುತ್ತಿರಲಿಲ್ಲವೇನೋ!