ಅಳಿಸಿಹೋದ ಚುಕ್ಕೆ

ಕೊಟ್ಟದ್ದನ್ನು ಕೊಟ್ಟಂತೆಯೇ ಹಿಂದಿರುಗಿಸುವುದು ಲೋಕದಲ್ಲಿ ಸಜ್ಜನಿಕೆಯ ಲಕ್ಷಣವೆನಿಸಿದೆ. ಬೆಳಕಿನೊಡನೆ ವಸ್ತುಗಳೂ ಸಾಮಾನ್ಯವಾಗಿ ಹಾಗೆಯೇ ನಡೆದುಕೊಳ್ಳುತ್ತವೆ. ಗಾಜಿನೊಳಗೆ ಕೆಂಪು ಬೆಳಕನ್ನು ಹಾಯಿಸಿದರೆ ಆಚೆಗೆ ಬರುವುದು ಕೆಂಪೇ. ಹಾಯಿಸುವುದನ್ನು ಇಮ್ಮಡಿಗೊಳಿಸಿದರೆ ಬರುವುದೂ ಇಮ್ಮಡಿ. ಈ ಶಿಸ್ತಿಗೆ ವಿಜ್ಞಾನಿಗಳು ರೇಖೀಯ ಪ್ರತಿಕ್ರಿಯೆ ಎನ್ನುತ್ತಾರೆ. ಈ ಶಿಸ್ತನ್ನು ಮೀರಿದ ಅರೇಖೀಯ ಪ್ರತಿಕ್ರಿಯೆಯೂ ಉಂಟು. ಹಳಗನ್ನಡ ಕಾವ್ಯವನ್ನು ಬೋಧಿಸಿ ಹೊಟ್ಟೆ ಹೊರೆಯುವ ನನಗೂ ಅದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಅಧ್ಯಾಪಕರ ಕೊಠಡಿಯಲ್ಲಿ ನನ್ನ ಪಕ್ಕದ ಕುರ್ಚಿ ಭೌತಶಾಸ್ತ್ರದವರದು, ಸಂಬಂಧ ಅಷ್ಟೇ. ಆದರೆ ಬಿಡುವಿನಲ್ಲಿ ಅವರಿಂದ ಕೇಳಿ, ಅನಂತರ ಓದಿ ತಿಳಿದುಕೊಂಡ ಒಂದು ವೃತ್ತಾಂತ ನನ್ನ ಕಸುಬಿಗೇ ಬಂದು ತಗುಲಿತು.

ಬೆಳಕಿನ ಅಲೆ ಹಾಯುವಾಗ ಅಣುವಿನಲ್ಲಿರುವ ಎಲೆಕ್ಟ್ರಾನುಗಳು ತೊಟ್ಟಿಲಿನಂತೆ ತೂಗುತ್ತವೆ; ತೂಗುತ್ತ ತಾವೂ ಬೆಳಕನ್ನು ಸೂಸುತ್ತವೆ. ಮೆಲ್ಲನೆ ತೂಗಿದ ತೊಟ್ಟಿಲು ತೂಗುವ ಕೈಯ ಲಯವನ್ನೇ ಅನುಸರಿಸುತ್ತದೆ. ಬಿಸಿಲು, ದೀಪ ಇವೆಲ್ಲ ಮೆಲ್ಲನೆ ತೂಗುವ ಕೈಗಳು. 1960ರಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ಬೆಳಗಿಸಿದಾಗ, ಬಲವಾಗಿ ತೂಗಬಲ್ಲ ಬೆಳಕು ಮನುಷ್ಯನಿಗೆ ದೊರೆಯಿತು. ಅಂಥ ಬೆಳಕಿಗೆ ಸಿಕ್ಕ ಕೆಲವು ಹರಳುಗಳಲ್ಲಿ ಎಲೆಕ್ಟ್ರಾನುಗಳ ತೂಗಾಟ ಒಂದು ಕಡೆಗೆ ಹೆಚ್ಚಾಗಿ, ಇನ್ನೊಂದು ಕಡೆಗೆ ಕಡಿಮೆಯಾಗುತ್ತದೆ. ಆ ಓರೆಯಿಂದ ಎರಡರಷ್ಟು ವೇಗದಲ್ಲಿ ಮಿಡಿಯುವ ಹೊಸ ಬೆಳಕು ಹುಟ್ಟುತ್ತದೆ. ಸಂಗೀತ ಬಲ್ಲವರಿಗೆ ಹೇಳುವುದಾದರೆ, ಮಧ್ಯಷಡ್ಜವನ್ನು ಮೀಟಿದಾಗ ತಾರಷಡ್ಜವೂ ಕೇಳಿಬಂದಂತೆ.

1961ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಪೀಟರ್ ಫ್ರಾಂಕೆನ್ ಮತ್ತು ಅವರ ಮೂವರು ಸಹೋದ್ಯೋಗಿಗಳು ಮಾಣಿಕ್ಯದ ಲೇಸರಿನ ಬೆಳಕನ್ನು ಬೆಣಚುಕಲ್ಲಿನ ಸ್ಫಟಿಕದೊಳಗೆ ಹಾಯಿಸಿದರು. ಒಳಹೊಕ್ಕ ಕೆಂಪು ಬೆಳಕಿನ ಅಲೆಯುದ್ದ 694 ನ್ಯಾನೊಮೀಟರು. ಹೊರಬಂದುದರಲ್ಲಿ, ಕೋಟಿಗೆ ಒಂದು ಪಾಲಿಗಿಂತಲೂ ಕಡಿಮೆಯಾಗಿ, 347 ನ್ಯಾನೊಮೀಟರಿನ ನೇರಳಾತೀತ ಬೆಳಕೂ ಇತ್ತು. ಕಣ್ಣಿಗೆ ಕಾಣದ ಆ ಬೆಳಕು ಛಾಯಾಚಿತ್ರದ ಫಲಕದಲ್ಲಿ ಒಂದು ಸಣ್ಣ ಚುಕ್ಕೆಯಾಗಿ ಮೂಡಿತು. ಚುಕ್ಕೆಯ ಕಡೆಗೆ ಬಾಣದ ಗುರುತು ಹಾಕಿ, ಲೇಖನವನ್ನು ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆಗೆ ಕಳುಹಿಸಿದರು. ಅದೇ ಆಗಸ್ಟಿನಲ್ಲಿ ಪ್ರಕಟವಾದಾಗ ಬಾಣವಿತ್ತು, ಚುಕ್ಕೆ ಇರಲಿಲ್ಲ! ಚಿತ್ರವನ್ನು ಅಚ್ಚಿಗೆ ಅಣಿಗೊಳಿಸಿದವರು ಅದನ್ನು ಧೂಳಿನ ಕಲೆಯೆಂದು ಬಗೆದು ಅಳಿಸಿದರೆಂದು ಹೇಳುತ್ತಾರೆ. ಇಂದು ಸಭೆಗಳಲ್ಲಿ ಪರದೆಯ ಮೇಲೆ ತೋರಿಸಲು ಬಳಸುವ ಹಸಿರು ಲೇಸರ್ ಕಡ್ಡಿಗಳಲ್ಲಿ ಅನೇಕವು ಬೆಳಗುವುದು ಆ ಚುಕ್ಕೆಯ ವಿದ್ಯೆಯಿಂದಲೇ: ಒಳಗಿನ ಕಾಣದ ಅವಕೆಂಪು ಬೆಳಕು ಹರಳೊಂದರಲ್ಲಿ ಇಮ್ಮಡಿ ಮಿಡಿತ ಪಡೆದು ಹಸಿರಾಗುತ್ತದೆ.

ಮಿತ್ರರು ಇದನ್ನು ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ಏಕೆಂದರೆ ಕನ್ನಡಿಗರ ಬರವಣಿಗೆಯಲ್ಲಿ ಚುಕ್ಕೆಯಂಥ ಸೊನ್ನೆಗೆ ಎಂಥ ಬೆಲೆಯುಂಟೆಂಬುದನ್ನು ನಾನು ಬಲ್ಲೆ. ‘ಕಂದ’ನ ಸೊನ್ನೆಯನ್ನು ಅಳಿಸಿ ನೋಡಿ, ಮನೆಯಲ್ಲಿ ಮಗುವಿನ ಬದಲು ‘ಕದ’ ಉಳಿಯುತ್ತದೆ. ಓಲೆಗರಿಯನ್ನು ಓದುವವನಿಗೆ ಎದುರಾಗುವುದು ಇದೇ ಸಮಸ್ಯೆ: ಇದು ಹುಳು ಕೊರೆದ ತೂತೋ, ಲಿಪಿಕಾರನು ಬರೆದ ಸೊನ್ನೆಯೋ? ಹತ್ತು ಪ್ರತಿಗಳಲ್ಲಿ ಇಲ್ಲದ ಪಾಠವು ಒಂದೇ ಪ್ರತಿಯಲ್ಲಿ ಕಂಡರೆ ಅದನ್ನು ದೋಷವೆಂದು ತೆಗೆದುಹಾಕುವುದು ಸುಲಭ. ಆದರೆ ಬಲ್ಲ ಸಂಪಾದಕರು ಅಡಿಟಿಪ್ಪಣಿಯಲ್ಲಾದರೂ ಅದಕ್ಕೆ ಜಾಗ ಕೊಡುತ್ತಾರೆ. ಮುಂದೊಬ್ಬನ ಕಣ್ಣಿಗೆ ಅದೇ ಕಾವ್ಯದ ಕೀಲಿಕೈಯಾಗಬಹುದಲ್ಲವೆ?

ಕಥೆಗೆ ಇನ್ನೊಂದು ಅಧ್ಯಾಯವುಂಟು. ಬೆಣಚುಕಲ್ಲಿನ ಸ್ಫಟಿಕದಲ್ಲಿ ಅಣುಗಳು ಕ್ರಮವಾಗಿ, ಒಂದೇ ರೀತಿಯಲ್ಲಿ ನಿಂತಿರುವುದರಿಂದ ಅವುಗಳ ಸಣ್ಣ ಸಣ್ಣ ಉತ್ತರಗಳು ಕೂಡಿಕೊಳ್ಳುತ್ತವೆ. ಗಾಜಿನ ಅಣುಗಳಿಗೆ ಅಂಥ ಕ್ರಮವಿಲ್ಲ. ಒಂದು ಹೇಳಿದ್ದನ್ನು ಇನ್ನೊಂದು ಅಳಿಸಿಹಾಕುತ್ತದೆ. ಆದ್ದರಿಂದ ಗಾಜಿನಿಂದ ಇಮ್ಮಡಿ ಮಿಡಿತದ ಬೆಳಕನ್ನು ನಿರೀಕ್ಷಿಸಬಾರದೆಂಬುದು ಶಾಸ್ತ್ರದ ತೀರ್ಪಾಗಿತ್ತು. 1986ರಲ್ಲಿ ಉಲ್ಫ್ ಓಸ್ಟರ್‌ಬೆರ್ಗ್ ಮತ್ತು ವಾಲ್ಟರ್ ಮಾರ್ಗುಲಿಸ್ ಎಂಬವರು ಕೂದಲೆಳೆಯಂಥ ಗಾಜಿನ ತಂತುವಿನಲ್ಲಿ ಅವಕೆಂಪು ಲೇಸರನ್ನು ಗಂಟೆಗಟ್ಟಲೆ ಹಾಯಿಸಿದರು. ಇದ್ದೂ ಇಲ್ಲದಂತಿದ್ದ ಹಸಿರು ಬೆಳಕು ಹೊತ್ತು ಕಳೆದಂತೆಲ್ಲ ಬೆಳೆಯುತ್ತ ಹೋಯಿತು! ಸತತವಾಗಿ ಹರಿದ ಬೆಳಕೇ ಗಾಜಿನೊಳಗಿನ ವಿದ್ಯುದಂಶವನ್ನು ಅತ್ತಿತ್ತ ಸರಿಸಿ, ಅಲ್ಲಿ ಒಂದು ಕ್ರಮವನ್ನು ಕಟ್ಟಿತ್ತು. ಉತ್ತರವಿಲ್ಲವೆನಿಸಿದ್ದ ವಸ್ತುವಿಗೆ ಬೇಕಾಗಿದ್ದುದು ಕಾಲಾವಕಾಶ.

ತರಗತಿಗಳಲ್ಲಿಯೂ ಸ್ಫಟಿಕಗಳಿವೆ, ಗಾಜುಗಳಿವೆ. ಎಂ.ಎ. ಪ್ರವೇಶಕ್ಕಾಗಿ ವಿಶೇಷ ಪಾಠ ಹೇಳಬೇಕಾದ ಹತ್ತು ವಿದ್ಯಾರ್ಥಿಗಳ ಪಟ್ಟಿಯನ್ನು ಈ ವಾರ ನಾನು ಕೊಡಬೇಕಾಗಿತ್ತು. ಒಂಬತ್ತು ಹೆಸರುಗಳು ತಾವಾಗಿಯೇ ಬಂದವು. ಹತ್ತನೆಯದಕ್ಕೆ ಅಂಕಗಳನ್ನು ನೋಡಿದರೆ ಬೇರೆಯವರು ಅನೇಕರಿದ್ದರು. ಹಿಂದಿನ ಬೆಂಚಿನಲ್ಲಿ ಎರಡು ವರ್ಷ ಮಾತಿಲ್ಲದೆ ಕುಳಿತಿದ್ದ ಹುಡುಗನೊಬ್ಬ ಮೊನ್ನೆ ಪಾಠ ಮುಗಿದ ಮೇಲೆ ಬಾಗಿಲ ಬಳಿ ನಿಂತು, ‘ಸಾರ್, ಆ ಪದ್ಯದ ಮೂರನೆಯ ಸಾಲಿನಲ್ಲಿ ಪ್ರಾಸ ಏಕೆ ತಪ್ಪಿದೆ? ಅಲ್ಲಿ ಬೇರೆ ಮಾತು ಇದ್ದಿರಬಹುದೆ?’ ಎಂದು ಕೇಳಿದ್ದ. ಎರಡು ವರ್ಷಕ್ಕೆ ಒಂದೇ ಪ್ರಶ್ನೆ. ಲೆಕ್ಕಕ್ಕೆ ಅದು ಚುಕ್ಕೆಯೇ ಸರಿ. ಹತ್ತನೆಯ ಹೆಸರು ಅವನದೆಂದು ಬರೆದು ಪಟ್ಟಿಗೆ ಸಹಿ ಮಾಡಿದೆ.