ಜೀಪಿನಿಂದ ಇಳಿದ ಮೇಷ್ಟ್ರುಗಳು

1980ರ ದಶಕದ ಆರಂಭದಲ್ಲಿ ನಾನು ಕಿರಿಯ ಆರೋಗ್ಯ ಸಹಾಯಕನಾಗಿ ಕೆಲಸಕ್ಕೆ ಸೇರಿದಾಗ ತರೀಕೆರೆ ತಾಲ್ಲೂಕಿನ ಮನೆಮನೆಯ ಗೋಡೆಯ ಮೇಲೂ ಬಾಗಿಲ ಪಕ್ಕ ಬಣ್ಣದ ಒಂದು ಚೌಕ ಇರುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಹೋಗಿ ಅದರೊಳಗೆ ತಾರೀಖು ಬರೆದು ಸಹಿ ಹಾಕಬೇಕು. ‘ಯಾರಿಗಾದ್ರೂ ಜ್ವರ ಬಂದಿತ್ತೇನಮ್ಮಾ?’ ಎಂದು ಕೇಳಬೇಕು. ಬಂದಿತ್ತು ಎಂದರೆ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತಲೇಪನ ತೆಗೆದು, ದೊಡ್ಡವರಿಗೆ ನಾಲ್ಕು ಕ್ಲೋರೋಕ್ವಿನ್ ಮಾತ್ರೆ ನುಂಗಿಸಿ ಮುಂದಿನ ಮನೆಗೆ ನಡೆಯಬೇಕು. ಇಲಾಖೆ ನಮ್ಮ ಹುದ್ದೆಯ ಹೆಸರನ್ನು ಎಷ್ಟು ಸಲ ಬದಲಾಯಿಸಿದರೂ ಲಿಂಗದಹಳ್ಳಿ ಕಡೆಯ ಜನಕ್ಕೆ ನಾವು ಕೊನೆಯವರೆಗೂ ‘ಮಲೇರಿಯಾದವರು’.

ಆ ಕೆಲಸದ ಜತೆಗೆ ಇನ್ನೊಂದು ಕೆಲಸ ನನ್ನ ಪಾಲಿಗೆ ಬಂತು. ಮೆಡಿಕಲ್ ಕಾಲೇಜಿನ ಹುಡುಗರು ಗ್ರಾಮವಾಸಕ್ಕೋ ಸಮೀಕ್ಷೆಗೋ ಬಂದಾಗ ಅವರಿಗೆ ದಾರಿ ತೋರಿಸುವುದು. ನಮ್ಮ ಜಿಲ್ಲೆಯಲ್ಲಿ ಆಗ ಮೆಡಿಕಲ್ ಕಾಲೇಜು ಇರಲಿಲ್ಲ. ಹೊರಗಿನ ಊರುಗಳಿಂದ ಬರುತ್ತಿದ್ದರು. ತರೀಕೆರೆ, ಕಡೂರು, ಅಜ್ಜಂಪುರ ಎಂದು ವರ್ಗವಾದಲ್ಲೆಲ್ಲ ಈ ಕೆಲಸ ನನ್ನ ಹಿಂದೆಯೇ ಬಂತು. ವಿದ್ಯಾರ್ಥಿಗಳಿಗಿಂತ ಹೆಚ್ಚಾಗಿ ನಾನು ಗಮನಿಸಿದ್ದು ಅವರ ಜತೆ ಜೀಪಿನಿಂದ ಇಳಿಯುತ್ತಿದ್ದ ಮೇಷ್ಟ್ರುಗಳನ್ನು. ಒಂದೇ ಊರು, ಅದೇ ಕೇರಿ, ಅದೇ ಜನ. ಆದರೆ ಮೇಷ್ಟ್ರು ಏನು ಓದಿಕೊಂಡು ಬಂದಿದ್ದರೋ ಅದರ ಪ್ರಕಾರ ಊರು ಅವರಿಗೆ ಬೇರೆ ಬೇರೆಯಾಗಿ ಕಾಣುತ್ತಿತ್ತು.

ಈ ಮೂರೂ ತಾಲ್ಲೂಕುಗಳ ನೆಲವನ್ನು ಸ್ವಲ್ಪ ಹೇಳಬೇಕು. ಪಶ್ಚಿಮಕ್ಕೆ ಕೆಮ್ಮಣ್ಣುಗುಂಡಿಯ ಬೆಟ್ಟ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ, ಅಡಿಕೆ ತೋಟ. ಪೂರ್ವಕ್ಕೆ ತಿರುಗಿದರೆ ಬಯಲು: ಕಡೂರಿನ ತೆಂಗು, ರಾಗಿ, ಒಣ ಕೆರೆ, ಅಜ್ಜಂಪುರದ ಈರುಳ್ಳಿ, ಅಮೃತಮಹಲ್ ಕಾವಲು. ಒಂದು ಗಂಟೆಯ ಬಸ್ ಪ್ರಯಾಣದಲ್ಲಿ ಕಾಯಿಲೆಗಳೇ ಬೇರೆಯಾಗುತ್ತವೆ. ಸಾರ್ವಜನಿಕ ಆರೋಗ್ಯ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗಲಾರದು ಎಂದು ನಾನು ಈಗಲೂ ನಂಬಿದ್ದೇನೆ.

ಮೊದಲಿಗೆ ಇಲ್ಲಿ ಕಲಿಸಿದವರು ಸೊಳ್ಳೆ ಓದಿದವರು. ನಮ್ಮ ಜಿಲ್ಲೆಯನ್ನು ಕಡೂರು ಜಿಲ್ಲೆ ಎನ್ನುತ್ತಿದ್ದ ಕಾಲದಲ್ಲಿ, 1920ರ ದಶಕದ ಕೊನೆಯ ಹೊತ್ತಿಗೆ, ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆಯಿತು. ಅದರಲ್ಲೊಂದು ಮೂಡಿಗೆರೆಯಲ್ಲಿತ್ತು. ಗುಡ್ಡದ ತೊರೆಯಲ್ಲಿ ಬೆಳೆಯುವ ಸೊಳ್ಳೆ ಒಂದು, ಬಯಲಿನ ಕಾಲುವೆ ನೀರಿನಲ್ಲಿ ಬೆಳೆಯುವುದು ಇನ್ನೊಂದು ಎಂದು ಕುಳಿತು ಬಿಡಿಸಿದವರು ಅವರು. 1932ರಲ್ಲಿ ಕಲ್ಕತ್ತದಲ್ಲಿ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ತೆರೆದ ಮೇಲೆ ಅಲ್ಲಿ ಡಿ.ಪಿ.ಎಚ್. ಎಂಬ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಮಾಡಿಕೊಂಡು ಬಂದ ಡಾಕ್ಟರುಗಳು ಆರೋಗ್ಯಾಧಿಕಾರಿಗಳಾದರು. ನನಗೆ ಕೆಲಸ ಕಲಿಸಿದ ಹಿರಿಯ ಇನ್ಸ್‌ಪೆಕ್ಟರು ಅಂಥ ಅಧಿಕಾರಿಗಳ ಕೈಕೆಳಗೆ ಪಳಗಿದವರು. ಊರಿಗೆ ಹೋದ ಕೂಡಲೇ ಪಟೇಲರ ಮನೆಗೆ ಹೋಗದೆ ಮೊದಲು ಕೆರೆಯ ಕೋಡಿಗೆ ಹೋಗುತ್ತಿದ್ದರು. ಬಿಳಿ ತಟ್ಟೆಯಲ್ಲಿ ನೀರು ಮೊಗೆದು, ಹುಳು ನೀರಿಗೆ ಸಮನಾಗಿ ಮಲಗಿದೆಯೋ ತಲೆಕೆಳಗಾಗಿ ತೂಗಿದೆಯೋ ನೋಡು ಎನ್ನುತ್ತಿದ್ದರು. ಸಮನಾಗಿ ಮಲಗಿದ್ದರೆ ಅದು ಮಲೇರಿಯಾ ಸೊಳ್ಳೆಯ ಮರಿ.

ಅವರೇ ನನಗೆ ಮಂಗನ ಕಾಯಿಲೆಯ ಕತೆ ಹೇಳಿದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಕಾಡಿಗೆ ಹೋದ ಜನ ಜ್ವರದಿಂದ ಸತ್ತರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಬಂದ ತಂಡದಲ್ಲಿ ಟೆಲ್ಫರ್ಡ್ ವರ್ಕ್ ಎಂಬ ವೈದ್ಯರಿದ್ದರು, ಹೆರಾಲ್ಡ್ ಟ್ರಾಪಿಡೊ ಎಂಬ ಪ್ರಾಣಿಶಾಸ್ತ್ರಜ್ಞರಿದ್ದರು, ಕೀಟಶಾಸ್ತ್ರ ಓದಿದ ನಮ್ಮ ದೇಶದವರಿದ್ದರು. ವೈರಸ್ಸು ರಷ್ಯಾದ ಕಡೆಯ ಒಂದು ವೈರಸ್ಸಿಗೆ ಹತ್ತಿರದ್ದು ಎಂದು ಗೊತ್ತಾದಾಗ, ವಲಸೆ ಹಕ್ಕಿಗಳೇನಾದರೂ ಹೊತ್ತು ತಂದವೇ ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರ ಹುಡುಕಲು ಪಕ್ಷಿಶಾಸ್ತ್ರದ ಸಲೀಂ ಅಲಿಯವರೇ ಬೇಕಾದರು. ಬರಿಯ ಡಾಕ್ಟರುಗಳೇ ಬಂದಿದ್ದರೆ ರೋಗಿಯ ರಕ್ತ ತೆಗೆದುಕೊಂಡು ಹೋಗುತ್ತಿದ್ದರು. ರೋಗ ಹರಡುವ ಉಣುಗನ್ನು ಯಾರು ಎಣಿಸುತ್ತಿದ್ದರು, ಸತ್ತ ಮಂಗನ ಸುತ್ತ ಒಣಗೆಲೆ ಯಾರು ಕೆದಕುತ್ತಿದ್ದರು? ಈ ಮಾತನ್ನು ನಮ್ಮ ಇನ್ಸ್‌ಪೆಕ್ಟರು ಸೈಕಲ್ ತಳ್ಳಿಕೊಂಡು ಹೋಗುವಾಗ ಹೇಳಿದ್ದರು. ಆಮೇಲೆ ನಮ್ಮ ಜಿಲ್ಲೆಯ ಮಲೆನಾಡಿನಲ್ಲೂ ಆ ಕಾಯಿಲೆ ಕಾಣಿಸಿಕೊಂಡು, ಕಾಡಂಚಿನ ಊರುಗಳಿಗೆ ಮುನ್ನೆಚ್ಚರಿಕೆ ಹೇಳಲು ನಾವು ಓಡಾಡಿದಾಗ ಆ ಮಾತಿನ ಬೆಲೆ ತಿಳಿಯಿತು.

ನಾನು ಕಂಡ ಕಾಲೇಜಿನ ಮೇಷ್ಟ್ರುಗಳು ಈ ಪೀಳಿಗೆಯವರಲ್ಲ. ಅವರದು ಪಿ.ಎಸ್.ಎಂ., ಎಂದರೆ ರೋಗತಡೆ ಮತ್ತು ಸಾಮಾಜಿಕ ವೈದ್ಯಶಾಸ್ತ್ರದ ವಿಭಾಗ. ವೈದ್ಯ ಸಮಾಜವನ್ನೂ ಬಲ್ಲವನಾಗಬೇಕು ಎಂದು 1946ರಲ್ಲಿ ಭೋರ್ ಸಮಿತಿ ಹೇಳಿದ ಮೇಲೆ ದೇಶದ ಮೆಡಿಕಲ್ ಕಾಲೇಜುಗಳಲ್ಲಿ ಹುಟ್ಟಿಕೊಂಡ ವಿಭಾಗ ಅದು. ಎಲ್ಲರೂ ಎಂ.ಬಿ.ಬಿ.ಎಸ್., ಎಂ.ಡಿ. ಆದವರು. ಹುಡುಗರ ಕಂಕುಳಲ್ಲಿ ‘ಪಾರ್ಕ್’ ಎಂದೇ ಕರೆಯುತ್ತಿದ್ದ ಜಬಲ್ಪುರದ ಆ ದಪ್ಪ ಪುಸ್ತಕ. ಕೆಲವು ಮೇಷ್ಟ್ರುಗಳು ಬೇರೆ ಸೀಟು ಸಿಗದೆ ಈ ವಿಭಾಗಕ್ಕೆ ಬಂದವರು. ಅದನ್ನು ಚಹಾ ಕುಡಿಯುತ್ತಾ ಅವರೇ ಬೇಸರದಿಂದ ಹೇಳಿಕೊಂಡದ್ದುಂಟು. ಮನಸ್ಸು ಆಸ್ಪತ್ರೆಯಲ್ಲೇ ಉಳಿದವರಿಗೆ ಹಳ್ಳಿ ಎಂದರೆ ಹಾಸಿಗೆಯಿಲ್ಲದ ವಾರ್ಡು. ಬಸುರಿಯರ ರಕ್ತಹೀನತೆ ನೋಡಿದರು, ಸಾಲ್ಟರ್ ತಕ್ಕಡಿಗೆ ಮಕ್ಕಳನ್ನು ನೇತುಹಾಕಿ ತೂಗಿದರು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಅಭಿಪ್ರಾಯ ಬರೆದುಕೊಂಡರು. ಥೀಸಿಸ್ಸುಗಳೆಲ್ಲ ಇವೇ. ಬೇಕಾದ ಕೆಲಸವೇ, ನಾನು ಅದನ್ನು ಕಡೆಗಣಿಸುವುದಿಲ್ಲ.

ಆದರೆ ಅವರಲ್ಲೇ ಒಬ್ಬರು ಬೇರೆ ಥರ ಇದ್ದರು. ಪಾಠ ಹೇಳಲು ಹೋಗುವ ಮೊದಲು ಬಹಳ ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡಿದವರು. ಜಗಲಿಯ ಮೇಲೆ ಕೂತು ರಾಗಿ ಸೇರಿಗೆ ಎಷ್ಟು, ಈರುಳ್ಳಿಗೆ ಈ ಸಲ ಏನು ಬೆಲೆ, ಸಾಲ ಯಾರ ಹತ್ತಿರ ಎಂದು ಕೇಳಿ, ಆಮೇಲೆ ಮಗುವಿನ ತೂಕಕ್ಕೆ ಬರುತ್ತಿದ್ದರು. ವಿದ್ಯಾರ್ಥಿಗಳು ಚಡಪಡಿಸುತ್ತಿದ್ದರು. ಅವರು ಮಾತ್ರ ‘ಈರುಳ್ಳಿ ಬೆಲೆ ಬಿದ್ದ ವರ್ಷ ಮಗುವಿನ ತೂಕ ಎಲ್ಲಿಗೆ ಹೋಗುತ್ತೆ ನೋಡ್ರಯ್ಯ’ ಎಂದು ಹಳೆಯ ರಿಜಿಸ್ಟರು ತೆರೆಸುತ್ತಿದ್ದರು. ನಾವು ಬರೆದಿಟ್ಟ ರಿಜಿಸ್ಟರನ್ನು ಒಬ್ಬ ಪ್ರಾಧ್ಯಾಪಕರು ಅಷ್ಟು ಗೌರವದಿಂದ ತೆರೆದದ್ದನ್ನು ನಾನು ಮೊದಲು ನೋಡಿದ್ದು ಆಗಲೇ.

ಗೊಲ್ಲರಹಟ್ಟಿಯ ಸಂಗತಿಯನ್ನೂ ಹೇಳಬೇಕು. ನಮ್ಮ ಬಯಲು ಸೀಮೆಯ ಹಟ್ಟಿಗಳಲ್ಲಿ ಮುಟ್ಟಾದ ಹೆಂಗಸರನ್ನು, ಹಸಿ ಬಾಣಂತಿಯನ್ನು ಊರ ಹೊರಗೆ ಇರಿಸುವ ರೂಢಿ ಇತ್ತು. ಈಗಲೂ ಅಲ್ಲಲ್ಲಿ ಉಳಿದಿದೆ. ಮಳೆಯಲ್ಲಿ, ಚಳಿಯಲ್ಲಿ ಗರಿ ಗುಡಿಸಲಿನೊಳಗೆ ಕೂಸನ್ನು ಎದೆಗೆ ಅವಚಿಕೊಂಡು ಕೂತವರನ್ನು ನಾನು ನೋಡಿದ್ದೇನೆ. ಒಂದು ತಂಡದ ಜತೆ ಬಂದ ಮೇಷ್ಟ್ರು ಹಟ್ಟಿಯ ಬಾಗಿಲಲ್ಲೇ ನಿಂತು ಸೋಂಕು, ಚಳಿ, ಶಿಶುಮರಣ ಎಂದು ಅರ್ಧ ಗಂಟೆ ಉಪನ್ಯಾಸ ಕೊಟ್ಟರು. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಆ ವಿಭಾಗದಲ್ಲಿ ಮೆಡಿಕೋ ಸೋಷಿಯಲ್ ವರ್ಕರ್ ಎಂಬ ಹುದ್ದೆಯಲ್ಲಿದ್ದ ಒಬ್ಬ ಹೆಣ್ಣುಮಗಳು, ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದವರು, ಹಿಂದೆ ಉಳಿದುಕೊಂಡರು. ಗುಡಿಸಲಿನ ಮುಂದೆ ನೆಲದ ಮೇಲೆ ಕೂತರು. ಸಂಜೆ ಬಸ್ಸಿನ ಹೊತ್ತಿಗೆ ಅವರಿಗೆ ತಿಳಿದಷ್ಟು ನನಗೆ ಎಷ್ಟೋ ವರ್ಷದ ಓಡಾಟದಲ್ಲಿ ತಿಳಿದಿರಲಿಲ್ಲ: ಹೆದರಿಕೆ ಯಾವ ದೇವರದು, ಮನೆಯಲ್ಲಿ ಇದನ್ನು ತೀರ್ಮಾನಿಸುವವರು ಯಾರು, ಯಾವ ಅಜ್ಜಿಗೆ ತನ್ನ ಸೊಸೆಯ ಮೇಲೆ ಮರುಕವಿದೆ. ಮುಂದಿನ ಹೆರಿಗೆಗೆ ಆ ಅಜ್ಜಿಯೇ ಸೊಸೆಯನ್ನು ಆಸ್ಪತ್ರೆಗೆ ಕರೆತಂದು, ಕೂಸು ಗಟ್ಟಿಯಾಗುವವರೆಗೆ ತವರಿನಲ್ಲಿ ಇಡಿಸಿದರು. ರೂಢಿ ಮುರಿಯಲಿಲ್ಲ, ಒಂದು ಕೂಸು ಬೆಚ್ಚಗೆ ಉಳಿಯಿತು. ಆ ಸೋಷಿಯಲ್ ವರ್ಕರ್ ತರಗತಿಯಲ್ಲಿ ಪಾಠ ಮಾಡುವಂತಿರಲಿಲ್ಲ, ಥೀಸಿಸ್ಸಿಗೆ ಮಾರ್ಗದರ್ಶಕರಾಗುವಂತಿರಲಿಲ್ಲ. ವಿಭಾಗದಲ್ಲಿ ಅವರ ಕುರ್ಚಿ ಎಲ್ಲರಿಗಿಂತ ಹಿಂದೆ. ಇದು ನನಗೆ ಇವತ್ತಿಗೂ ನೋವಿನ ಸಂಗತಿ.

ಬದಲಾವಣೆಯ ಗಾಳಿ ಬೆಂಗಳೂರಿನ ಕಡೆಯಿಂದ ಬೀಸಿತು. ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಡಾ. ರವಿ ನಾರಾಯಣ್ ಮತ್ತು ಡಾ. ಥೆಲ್ಮಾ ನಾರಾಯಣ್ 1984ರಲ್ಲಿ ಹೊರಬಂದು ಸಮುದಾಯ ಆರೋಗ್ಯ ಕೋಶ ಕಟ್ಟಿದರು; ಅಲ್ಲಿ ಕಲಿಯಲು ಡಾಕ್ಟರೇ ಆಗಿರಬೇಕೆಂದಿರಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ 2001ರಲ್ಲಿ ಸರ್ಕಾರಕ್ಕೆ ವರದಿ ಕೊಟ್ಟಾಗ, ಸಾರ್ವಜನಿಕ ಆರೋಗ್ಯದ ಕಡೆಗಣನೆಯನ್ನು ದೊಡ್ಡ ದೋಷಗಳಲ್ಲಿ ಒಂದೆಂದು ನೇರವಾಗಿ ಬರೆಯಿತು. ಗೂಡಲೂರಿನ ಆದಿವಾಸಿಗಳ ನಡುವೆ ದುಡಿದ ಡಾ. ಎನ್. ದೇವದಾಸನ್ ಆರೋಗ್ಯ ವಿಮೆಯ ಸಂಶೋಧಕರಾದರು. ಬಡವರು ಆಸ್ಪತ್ರೆಯ ಬಿಲ್ಲಿಗೆ ಹೇಗೆ ಮುರಿದುಬೀಳುತ್ತಾರೆ ಎಂಬುದನ್ನು ಹತ್ತಿರದಿಂದ ಕಂಡವರು ಅವರು. ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ರಸ್ತೆ ಅಪಘಾತವನ್ನೂ ಒಂದು ಕಾಯಿಲೆಯ ಹಾಗೆ ಲೆಕ್ಕ ಹಾಕಿದರು. ಕಡೂರು, ಬೀರೂರು, ತರೀಕೆರೆಗಳ ಮೂಲಕ ಹೋಗುವ ಹಳೆಯ 206ನೇ ಹೆದ್ದಾರಿಯ ಬದಿಯ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಹೊತ್ತು ಕೆಲಸ ಮಾಡಿದ ನಮಗೆ, ಅಪಘಾತವೂ ತಡೆಯಬಹುದಾದದ್ದು ಎಂದು ಒಬ್ಬ ಪ್ರಾಧ್ಯಾಪಕರು ಹೇಳಿದ್ದು ಎಷ್ಟು ದೊಡ್ಡ ಮಾತು ಎಂಬುದು ಗೊತ್ತು.

ಎಂ.ಪಿ.ಎಚ್. ಎಂಬ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಬಂದ ಮೇಲೆ ಜೀಪಿನಿಂದ ಇಳಿಯುವವರ ಬಗೆಯೇ ಬದಲಾಯಿತು. ನರ್ಸಿಂಗ್ ಓದಿದವರು, ಆಯುರ್ವೇದದವರು, ಸಂಖ್ಯಾಶಾಸ್ತ್ರದವರು, ದಂತವೈದ್ಯರು. ಅಜ್ಜಂಪುರದ ಕಡೆ ಪಶುವೈದ್ಯರೊಬ್ಬರು ಬಂದು ಕಂದು ಹಾಕಿದ ಹಸುಗಳ ಲೆಕ್ಕ ಕೇಳಿ, ಆ ಮನೆಗಳ ಗಂಡಸರ ಬಿಡದ ಜ್ವರ, ಕೀಲುನೋವು ವಿಚಾರಿಸಿದರು. ನಾವು ಜ್ವರ ಎಂದರೆ ಸೊಳ್ಳೆ ಎಂದೇ ಬೆಳೆದವರು. ಕೊಟ್ಟಿಗೆಯಿಂದಲೂ ಜ್ವರ ಬರಬಹುದು ಎಂದು ಹೇಳಲು ದನ ಬಲ್ಲ ಮೇಷ್ಟ್ರೇ ಬರಬೇಕಾಯಿತು.

ದಂತವೈದ್ಯೆಯ ಭೇಟಿ ನನಗೆ ಎಲ್ಲಕ್ಕಿಂತ ಮುಖ್ಯ. ಅಜ್ಜಂಪುರದಿಂದ ಶಿವನಿ ಕಡೆಯ ಬಯಲಿನ ಒಂದು ಶಾಲೆ. ತಲೆ, ಚರ್ಮ, ಕಣ್ಣು ನೋಡುವ ತಂಡಗಳು ಅಲ್ಲಿಗೆ ಎಷ್ಟೋ ಸಲ ಬಂದುಹೋಗಿದ್ದವು. ಈಕೆ ಮಕ್ಕಳನ್ನು ಸಾಲಾಗಿ ಬಿಸಿಲಿಗೆ ನಿಲ್ಲಿಸಿ ‘ನಗ್ರೋ’ ಎಂದರು. ಮುಂಬಲ್ಲಿನ ಮೇಲೆ ಸುಣ್ಣದಂಥ ಮಚ್ಚೆ, ಕೆಲವರಿಗೆ ಕಂದು ಗೆರೆ. ಹಲ್ಲುಜ್ಜದ ಕೊಳೆ ಎಂದು ಮಕ್ಕಳು ಬೈಸಿಕೊಳ್ಳುತ್ತಿದ್ದ ಕಲೆ ಅದು. ‘ಅಣ್ಣಾ, ಇವರು ಕುಡಿಯೋ ನೀರು ಎಲ್ಲಿಂದ?’ ಎಂದು ನನ್ನನ್ನು ಕೇಳಿದರು. ಕೆರೆ ಒಣಗಿ, ಬೋರ್‌ವೆಲ್ಲು ಸಾವಿರ ಅಡಿಯ ಹತ್ತಿರ ಹೋಗಿದ್ದ ಊರು. ಅಮೆರಿಕದ ಕೊಲರಾಡೊದಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಇಂಥದೇ ಹಲ್ಲು ಕಂಡು ಕಾರಣ ಹುಡುಕುತ್ತ ವರ್ಷಗಳನ್ನು ಕಳೆದದ್ದು, 1931ರಲ್ಲಿ ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞ ನೀರಿನಲ್ಲಿ ಫ್ಲೋರೈಡ್ ಪತ್ತೆ ಮಾಡಿದ್ದು, 1937ರಲ್ಲಿ ನಮ್ಮ ನೆಲ್ಲೂರಿನ ಹಳ್ಳಿಗಳಲ್ಲಿ ಮೂಳೆಯೇ ಬಾಗಿದವರನ್ನು ಗುರುತಿಸಿದ್ದು, ಎಲ್ಲವನ್ನೂ ಶಾಲೆಯ ಕಟ್ಟೆಯ ಮೇಲೆ ಕೂತು ಆಕೆ ಮಕ್ಕಳಿಗೂ ಮೇಷ್ಟ್ರಿಗೂ ಹೇಳಿದರು. ಮಂಡಿನೋವು, ಬೆನ್ನು ಹಿಡಿತ ಎಂದು ನಮ್ಮ ಕೇಂದ್ರಕ್ಕೆ ಬರುತ್ತಿದ್ದ ಆ ಸುತ್ತಿನ ಮುದುಕರ ಮುಖಗಳೆಲ್ಲ ಆಗ ನನ್ನ ಕಣ್ಣ ಮುಂದೆ ಹಾದುಹೋದವು. ಅವರಿಗೆ ನಾವು ಕೊಟ್ಟದ್ದು ನೋವಿನ ಮಾತ್ರೆ.

ಈಗ ಶಿವಮೊಗ್ಗದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಚಿಕ್ಕಮಗಳೂರಿನಲ್ಲೂ ಆಗಿದೆ. ಮೊದಲ ವರ್ಷದಿಂದಲೇ ಪ್ರತಿ ವಿದ್ಯಾರ್ಥಿ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಳ್ಳಬೇಕು ಎಂಬ ನಿಯಮ ಬಂದಿದೆ. ಕೈಯಲ್ಲಿ ಟ್ಯಾಬು, ಬಿಪಿ, ಸಕ್ಕರೆ, ಖಿನ್ನತೆಯ ಪ್ರಶ್ನೆಗಳು. ಒಳ್ಳೆಯದು, ಬಿಪಿ ನಮ್ಮ ಹಳ್ಳಿಗಳಿಗೂ ಬಂದಿದೆ. ಆದರೆ ತೆಗೆದುಕೊಂಡು ಹೋದ ಲೆಕ್ಕ ಊರಿಗೆ ವಾಪಸು ಬರುವುದು ತೀರ ಕಡಿಮೆ. ಪ್ರಬಂಧ ಅಚ್ಚಾಗುತ್ತದೆ, ಮೇಷ್ಟ್ರಿಗೆ ಬಡ್ತಿಯಾಗುತ್ತದೆ. ಬೆರಳು ಚುಚ್ಚಿಸಿಕೊಂಡ ತಾಯಿಗೆ ತನ್ನೂರಿನ ಬಗ್ಗೆ ಏನು ಗೊತ್ತಾಯಿತು ಎಂದು ಹೇಳುವವರಿಲ್ಲ. ಗ್ರಾಮಸಭೆಯಲ್ಲಿ ಓದಿ ಹೇಳದ ಅಧ್ಯಯನಕ್ಕೆ ಪದವಿ ಕೊಡಬಾರದು ಎಂಬುದು ನನ್ನ ಅಭಿಪ್ರಾಯ. ಆಶಾ ಕಾರ್ಯಕರ್ತೆಯರು, ನರ್ಸಮ್ಮಗಳು ಇಂದಿಗೂ ದಾರಿ ತೋರಿಸುವವರಾಗಿಯೇ ಉಳಿದಿದ್ದಾರೆ. ವಾರಕ್ಕೊಂದು ಗಂಟೆ ಅವರನ್ನು ಕಾಲೇಜಿಗೆ ಕರೆಸಿ, ಸಂಭಾವನೆ ಕೊಟ್ಟು, ಕರಿಹಲಗೆಯ ಮುಂದೆ ನಿಲ್ಲಿಸಬೇಕು.

ಇದೆಲ್ಲಕ್ಕಿಂತ ತುರ್ತಿನ ಕೆಲಸ ಒಂದಿದೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ತರೀಕೆರೆ ಬಳಿ ಪಂಪಿನಿಂದ ಮೇಲೇರಿ, ಅಜ್ಜಂಪುರದ ಹತ್ತಿರ ಕೊರೆದ ಸುರಂಗದಲ್ಲಿ ಹರಿದು ಪೂರ್ವದ ಬಯಲಿಗೆ ಹೋಗುತ್ತದೆ. ಒಣಗಿದ ಕೆರೆಗಳಿಗೂ ಆ ನೀರು ಬರಲಿ ಎಂದು ಜನ ಕಾಯುತ್ತಿದ್ದಾರೆ. ಊರೂರಿಗೆ ಶುದ್ಧ ನೀರಿನ ಘಟಕ ಬಂದು ನಾಣ್ಯ ಹಾಕಿ ಕ್ಯಾನು ತುಂಬಿಸುತ್ತಾರೆ, ಅಡುಗೆಗೆ ಮಾತ್ರ ಇನ್ನೂ ಬೋರಿನ ನೀರು. ನೀರು ಬದಲಾದರೆ ಹಲ್ಲು, ಮೂಳೆ ಎಷ್ಟು ಸುಧಾರಿಸುತ್ತವೆ ಎಂದು ತಿಳಿಯಬೇಕಾದರೆ ಬದಲಾಗುವ ಮೊದಲಿನ ಲೆಕ್ಕ ಬೇಕು. ಫ್ಲೋರೈಡ್ ಹಲ್ಲನ್ನು ಕೆಡಿಸುವುದು ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗ, ಸುಮಾರು ಎಂಟು ವರ್ಷದೊಳಗೆ. ಇವತ್ತು ಹುಟ್ಟಿದ ಮಗುವಿನ ಶಾಶ್ವತ ಮುಂಬಲ್ಲು ಕಾಣಲು ಆರೇಳು ವರ್ಷ ಕಾಯಬೇಕು. ದಂತವೈದ್ಯರು, ಭೂಗರ್ಭಶಾಸ್ತ್ರದವರು, ಸಂಖ್ಯಾಶಾಸ್ತ್ರದವರು, ಯಾವ ಮನೆ ಯಾವ ಬೋರಿನ ನೀರು ಕುಡಿಯುತ್ತದೆ ಎಂದು ಬಲ್ಲ ಆ ಊರಿನ ಆಶಾ, ಇವರೆಲ್ಲ ಒಂದೇ ಜೀಪಿನಲ್ಲಿ ಬರಬೇಕು. ಮೂಳೆನೋವಿನವರ ಹಳೆಯ ಹೊರರೋಗಿ ರಿಜಿಸ್ಟರುಗಳನ್ನು ಗೆದ್ದಲು ಹಿಡಿಯುವ ಮೊದಲೇ ಈ ತಂಡ ಕೈಗೆತ್ತಿಕೊಳ್ಳಬೇಕು, ಮತ್ತು ಈ ವರ್ಷವೇ ಹೊರಡಬೇಕು.